ಎಡಕ್ಕೆ ಅಂಟು, ಬಲಕ್ಕೆ ಬೆಸುಗೆ: ಹಳೆಯ ಮಿಯಾಟಾದ ಮೇಲೆ ಎರಡೆರಡು ಪ್ರಯೋಗ

ಈ ಕಾರಿನ ಹಿಂದಿನ ಯಜಮಾನ ರಿಪೇರಿಯನ್ನೇ ಮಾಡದ ಸೋಮಾರಿಯಾಗಿದ್ದರೆ ನನಗೆ ಅರ್ಧ ಕೆಲಸ ಉಳಿಯುತ್ತಿತ್ತು. ಆತ ರಿಪೇರಿ ಮಾಡಿದ್ದ, ಅದೇ ತೊಂದರೆ. ಎಣ್ಣೆ ಸೋರಿದಲ್ಲಿ ಸಿಲಿಕೋನ್ ಮೆತ್ತಿದ್ದ, ತುಕ್ಕು ಹಿಡಿದಲ್ಲಿ ಪುಟ್ಟಿ ತುಂಬಿದ್ದ, ಎಂಜಿನ್ ಸದ್ದು ಮಾಡಿದಾಗ ದಪ್ಪ ಎಣ್ಣೆ ಸುರಿದಿದ್ದ. ಕಾರು ಕೊಡುವಾಗ ಮಾತ್ರ ಬಹಳ ಸಜ್ಜನನಂತೆ ಮಾತನಾಡಿ, ಒಂದು ಹೆಚ್ಚುವರಿ ಕೀಲಿಯನ್ನೂ ಕೊಟ್ಟು ಕಳುಹಿಸಿದ.

ಕಾರು 1994ರ ಮಾಜ್ದಾ ಮಿಯಾಟಾ. ಈ ಮಾದರಿ ಮೊದಲು ಕಾಣಿಸಿಕೊಂಡದ್ದು 1989ರ ಫೆಬ್ರುವರಿಯಲ್ಲಿ, ಷಿಕಾಗೋದ ವಾಹನ ಪ್ರದರ್ಶನದಲ್ಲಿ. ಆಗ 1.6 ಲೀಟರ್ ಎಂಜಿನ್ ಇತ್ತು. 1994ರ ಮಾದರಿಗೆ 1.8 ಲೀಟರ್ ಬಂತು, 128 ಅಶ್ವಶಕ್ತಿ. ಈಗಿನ ಕಾರುಗಳ ಮುಂದೆ ಅದೇನೂ ಅಲ್ಲ. ಆದರೆ ತೂಕ ಸುಮಾರು ಒಂದು ಟನ್, ಎರಡೇ ಆಸನ, ಮಡಚುವ ಮಾಡು, ಎಂಜಿನ್ ಮುಂದೆ, ಎಳೆತ ಹಿಂದಿನ ಚಕ್ರಗಳಿಗೆ. ತಿರುವಿನಲ್ಲಿ ಅದನ್ನು ಓಡಿಸಿದವರು ಅಂಕಿಗಳ ಮಾತೆತ್ತುವುದಿಲ್ಲ. ಹಿರೋಶಿಮಾದಲ್ಲಿ ಹುಟ್ಟಿದ ಈ ಕಾರು ನನ್ನ ಪಾಲಿಗೆ ಬರುವ ಹೊತ್ತಿಗೆ ಅಮೆರಿಕದ ಮಿಶಿಗನ್ನಿನ ಎಷ್ಟೋ ಚಳಿಗಾಲಗಳನ್ನು ಕಂಡಿತ್ತು. ಇಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಉಪ್ಪಿನಕಾಯಿಯನ್ನು ಕಾಪಾಡುವ ಉಪ್ಪು ತಗಡನ್ನು ಕಾಪಾಡುವುದಿಲ್ಲ.

ಮನೆಗೆ ತಂದ ಮರುದಿನ ಫ್ರಿಜ್‌ನ ಬಾಗಿಲಿನಿಂದ ಮೈಸೂರು ಅರಮನೆಯ ಚಿತ್ರವಿದ್ದ ಆಯಸ್ಕಾಂತವನ್ನು ಕಿತ್ತುಕೊಂಡು ಹೋಗಿ ಕಾರಿನ ಮೈಮೇಲೆ ಆಡಿಸಿದೆ. ಬಾಗಿಲ ಕೆಳಗೆ ಉದ್ದಕ್ಕೂ ಓಡುವ ತಗಡಿನ ಪೆಟ್ಟಿಗೆಯನ್ನು ಇಲ್ಲಿ ರಾಕರ್ ಪ್ಯಾನೆಲ್ ಎನ್ನುತ್ತಾರೆ, ನಾನು ಹೊಸ್ತಿಲು ಎನ್ನುತ್ತೇನೆ. ಹಿಂದಿನ ಚಕ್ರದ ಹತ್ತಿರ ಬರುತ್ತಿದ್ದಂತೆ ಆಯಸ್ಕಾಂತ ಹಿಡಿತ ಬಿಟ್ಟು ನೆಲಕ್ಕೆ ಬಿತ್ತು. ಇನ್ನೊಂದು ಬದಿಯಲ್ಲೂ ಅದೇ ಜಾಗದಲ್ಲಿ ಬಿತ್ತು. ಸ್ಕ್ರೂಡ್ರೈವರಿನಿಂದ ಒತ್ತಿದೆ, ಬಣ್ಣ, ಅದರಡಿ ಪುಟ್ಟಿ, ಅದರಡಿ ಹಳದಿ ನೊರೆ, ಅದರಡಿ ಏನೂ ಇಲ್ಲ. ಕಿಟಕಿ ಸಂದು ಮುಚ್ಚಲು ಮನೆ ಕಟ್ಟುವವರು ಸಿಂಪಡಿಸುವ ಉಬ್ಬುವ ನೊರೆಯನ್ನು ಆತ ಕಾರಿನ ಹೊಸ್ತಿಲಿಗೆ ತುಂಬಿದ್ದ. ನೀರು ಕುಡಿದ ಆ ನೊರೆ ಒದ್ದೆ ಸ್ಪಂಜಿನಂತೆ ಉಳಿದ ತಗಡನ್ನು ವರ್ಷಗಟ್ಟಲೆ ಅಪ್ಪಿಕೊಂಡು ಕುಳಿತಿತ್ತು.

ಎರಡೂ ಬದಿಯನ್ನು ಒಮ್ಮೆಗೇ ಬೆಸುಗೆ ಹಾಕಿಸಲು ಕೈಯಲ್ಲಿ ಹಣವಿರಲಿಲ್ಲ. ಹಾಗಾಗಿ ಬಲ ಬದಿಯನ್ನು ವೆಲ್ಡರ್ ಒಬ್ಬನಿಗೆ ಒಪ್ಪಿಸಿ, ಎಡ ಬದಿಯನ್ನು ನಾನೇ ಇಟ್ಟುಕೊಂಡೆ. ಹೋಲಿಕೆ ಮಾಡಬೇಕೆಂಬ ಉದ್ದೇಶವೇನೂ ಇರಲಿಲ್ಲ. ಬಡತನದಿಂದ ಹುಟ್ಟಿದ ಪ್ರಯೋಗ ಇದು.

ಎಡಕ್ಕೆ ಒಂದು ಶನಿವಾರ, ಒಂದು ಭಾನುವಾರ ಹಿಡಿಯಿತು. ನೊರೆ ಕೆರೆದು, ತಂತಿ ಬ್ರಷ್ಷಿನಿಂದ ಉಜ್ಜಿ, ತುಕ್ಕನ್ನು ಕಪ್ಪಾಗಿಸುವ ದ್ರಾವಣ ಬಳಿದೆ. ಒಣಗಿದ ಮೇಲೆ ಫೈಬರ್ ಗ್ಲಾಸ್ ಬಟ್ಟೆಯನ್ನು ಎರಡು ಪದರ ಹಾಸಿ, ಒಣಗಿ ಗಟ್ಟಿಯಾಗುವ ರೆಸಿನ್ ಎಂಬ ಅಂಟು ಹಚ್ಚಿ, ಸಾಣೆ ಹಿಡಿದು ಬಣ್ಣ ಹೊಡೆದೆ. ಒಟ್ಟು ಖರ್ಚು 50 ಡಾಲರಿನ ಒಳಗೆ. ನೋಡಲು ಎಷ್ಟು ಚೆನ್ನಾಗಿತ್ತೆಂದರೆ ಬಲ ಬದಿಗೆ ದುಡ್ಡು ಯಾಕೆ ಸುರಿದೆ ಎಂದು ಎರಡು ದಿನ ಕೊರಗಿದೆ.

ಬಲಕ್ಕೆ 600 ಡಾಲರ್. ವೆಲ್ಡರ್ ಮೊದಲು ಆಸನ, ನೆಲಹಾಸು, ಮಾಡಿನ ಬಟ್ಟೆ ಎಲ್ಲವನ್ನೂ ತೆಗೆಸಿದ. ಬ್ಯಾಟರಿಯ ತಂತಿ ಕಳಚಿದ. ಬೆಂಕಿ ಆರಿಸುವ ಸಿಲಿಂಡರನ್ನು ಕಾಲ ಬಳಿಯೇ ಇಟ್ಟುಕೊಂಡ. ನಂತರ ನನಗೆ ಎದೆ ಝಲ್ಲೆನ್ನುವಷ್ಟು ದೊಡ್ಡ ತುಂಡನ್ನು ಕತ್ತರಿಸಿ ಹಾಕಿದ. ನಾನು ಅಂಗೈಯಗಲದ ತೂತು ಎಂದುಕೊಂಡಿದ್ದೆ, ಅವನು ಮೊಳದುದ್ದ ಕತ್ತರಿಸಿದ. ಗಟ್ಟಿ ತಗಡು ಸಿಗುವವರೆಗೂ ಕತ್ತರಿಸಬೇಕು, ಇಲ್ಲದಿದ್ದರೆ ಬೆಸುಗೆ ಹಿಡಿಯಲು ಏನೂ ಇರುವುದಿಲ್ಲ ಎಂದು ಹೇಳಿ, ಒಳಪದರಕ್ಕೊಂದು, ಹೊರಪದರಕ್ಕೊಂದು ತಗಡು ಬಗ್ಗಿಸಿ ಕೂರಿಸಿದ. ಆ ಕೆಲಸದ ನಡುವೆ ಒಳಗೆ ನಿಂತಿದ್ದ ನೀರು ಅವನ ಕಣ್ಣಿಗೆ ಬಿತ್ತು. ‘ಇದು ಎಲ್ಲಿಂದ ಬಂತು ಎಂದು ನೋಡಿದೆಯಾ?’ ಎಂದು ಕೇಳಿದ. ನಾನು ನೋಡಿರಲಿಲ್ಲ.

ಮಿಯಾಟಾದ ಮಾಡಿನ ಮೇಲೆ ಬಿದ್ದ ನೀರು ಹಿಂಬದಿಯ ಪ್ಲಾಸ್ಟಿಕ್ ಕಾಲುವೆಯೊಂದಕ್ಕೆ ಇಳಿದು, ಆಸನಗಳ ಹಿಂದೆ ಎರಡು ಮೂಲೆಗಳಲ್ಲಿರುವ ಕೊಳವೆಗಳ ಮೂಲಕ ಹಿಂದಿನ ಚಕ್ರದ ಮುಂಭಾಗದಲ್ಲಿ ನೆಲಕ್ಕೆ ಬೀಳಬೇಕು. ಕೊಳವೆಯಲ್ಲಿ ಎಲೆ, ದೂಳು ಸೇರಿ ಕಟ್ಟಿಕೊಂಡರೆ ನೀರು ದಾರಿ ತಪ್ಪಿ ಕಾರಿನೊಳಕ್ಕೂ ಹೊಸ್ತಿಲಿಗೂ ಇಳಿಯುತ್ತದೆ. ಮಲೆನಾಡಿನ ಸಾಗರದ ಕಡೆ ಹೆಂಚಿನ ಮನೆಯಲ್ಲಿ ಬೆಳೆದವನಿಗೆ ಇದನ್ನು ಇನ್ನೊಬ್ಬ ಹೇಳಿಕೊಡಬೇಕಾಯಿತಲ್ಲ ಎಂದು ನಾಚಿಕೆಯಾಯಿತು. ಮಳೆಗಾಲಕ್ಕೆ ಮುಂಚೆ ಅಡಕೆ ದಬ್ಬೆಯ ದೋಣಿಯಿಂದ ತರಗೆಲೆ ತೆಗೆಯುವುದು ನನ್ನದೇ ಕೆಲಸವಾಗಿತ್ತು. ತೆಗೆಯದ ವರ್ಷ ನೀರು ಗೋಡೆಗೆ ಇಳಿದು, ಅಪ್ಪನ ಬೈಗುಳ ನನಗೆ ಇಳಿಯುತ್ತಿತ್ತು.

ಕೊಳವೆ ಬಿಡಿಸಲು ಮೂರು ದಾರಿ ಪ್ರಯತ್ನಿಸಿದೆ. ಗಾಳಿ ಒತ್ತಡದ ಪಂಪು ಬೇಡವೇ ಬೇಡ. ಕಸ ಹೋಗುವ ಬದಲು ಒಳಗಿನ ಕೊಳವೆಯೇ ತನ್ನ ಜಾಗದಿಂದ ಕಳಚಿಕೊಳ್ಳಬಹುದು, ಆಮೇಲೆ ಅದನ್ನು ಕೂರಿಸುವುದು ದೊಡ್ಡ ರಗಳೆ. ನನ್ನದು ಕಳಚಿಕೊಳ್ಳುವ ಸದ್ದು ಕೇಳಿ ಅಲ್ಲಿಗೇ ನಿಲ್ಲಿಸಿದೆ. ಗಟ್ಟಿ ತಂತಿ ತಿರುವಿನಲ್ಲಿ ಸಿಕ್ಕಿಕೊಂಡಿತು. ಹುಲ್ಲು ಕತ್ತರಿಸುವ ಯಂತ್ರದ ದಪ್ಪ ನೈಲಾನ್ ದಾರವೇ ಗೆದ್ದಿತು. ಬೆರಳಲ್ಲಿ ತಿರುಗಿಸುತ್ತಾ ನಿಧಾನವಾಗಿ ತಳ್ಳಿ, ಮೇಲಿನಿಂದ ಒಂದು ಲೋಟ ನೀರು ಹಾಕಿದರೆ ಕೆಳಗೆ ಕಪ್ಪು ಗಸಿ ಬೀಳುತ್ತದೆ. ಎರಡನೇ ಲೋಟಕ್ಕೆ ತಿಳಿನೀರು.

ಇನ್ನು ಫಲಿತಾಂಶ. ಮೊದಲ ಚಳಿಗಾಲ ಮುಗಿದಾಗ ಎಡಕ್ಕೂ ಬಲಕ್ಕೂ ಕಣ್ಣಿಗೆ ವ್ಯತ್ಯಾಸವಿರಲಿಲ್ಲ. ಎರಡನೆಯ ಮಾರ್ಚ್‌ನಲ್ಲಿ ಕಾರು ತೊಳೆಯುವಾಗ ಎಡ ಹೊಸ್ತಿಲಿನ ಬಣ್ಣ ಕಾದ ಎಣ್ಣೆಗೆ ಬಿದ್ದ ಹಪ್ಪಳದಂತೆ ಗುಳ್ಳೆ ಎದ್ದಿತ್ತು. ಉಗುರಿನಿಂದ ಎಬ್ಬಿಸಿದರೆ ಫೈಬರ್ ಗ್ಲಾಸ್ ಒಂದು ಚೂರೂ ಕೆಟ್ಟಿಲ್ಲ, ಅಖಂಡವಾಗಿದೆ. ಅದು ಅಂಟಿಕೊಂಡಿದ್ದ ತಗಡು ಮಾತ್ರ ಅದರ ಹಿಂದಿನಿಂದ ಜಾಗ ಖಾಲಿ ಮಾಡಿದೆ. ತುಕ್ಕು ಒಳಗಿನಿಂದ ಹೊರಕ್ಕೆ ಬರುವಂಥದ್ದು, ನಾನು ಹೊರಗಿನಿಂದ ಬಾಗಿಲು ಹಾಕಿದ್ದೆ. ಬಲ ಬದಿಯಲ್ಲಿ ಇವತ್ತಿಗೂ ಆಯಸ್ಕಾಂತ ತುದಿಯಿಂದ ತುದಿಗೆ ಅಂಟಿಕೊಂಡೇ ಜಾರುತ್ತದೆ. ಈ ಹೋಲಿಕೆ ಪೂರ್ತಿ ನ್ಯಾಯವಾದದ್ದಲ್ಲ ಎಂಬುದನ್ನೂ ಹೇಳಬೇಕು: ಬಲಗಡೆಯ ಕೊಳವೆ ಬೆಸುಗೆಯ ದಿನವೇ ಶುದ್ಧವಾಯಿತು, ಎಡಗಡೆಯದಕ್ಕೆ ನಾನು ಕೈ ಹಾಕಿದ್ದು ಮುಂದಿನ ವಸಂತದಲ್ಲಿ. ಎಡ ಬದಿ ಒಂದು ಚಳಿಗಾಲ ಹೆಚ್ಚು ನೀರು ಕುಡಿಯಿತು. ಆದರೂ ನನ್ನ ತೀರ್ಪು ಬದಲಾಗುವುದಿಲ್ಲ. ಕಾರನ್ನು ಒಂದೆರಡು ವರ್ಷದಲ್ಲಿ ಮಾರುವವರಿಗೆ ಫೈಬರ್ ಗ್ಲಾಸ್ ಸಾಕು, ಕೊಳ್ಳುವವರಿಗೆ ಸಾಲದು.

ಮಾಡಿನ ಕಥೆ ಬೇರೆ. ಹಿಂಬದಿಯ ಕಿಟಕಿ ಗಾಜಿನದಲ್ಲ, ಪ್ಲಾಸ್ಟಿಕ್. ಮಾಡು ಇಳಿಸುವ ಮೊದಲು ಜಿಪ್ ಎಳೆದು ಅದನ್ನು ಚಪ್ಪಟೆಯಾಗಿ ಮಲಗಿಸಬೇಕು, ಇಲ್ಲದಿದ್ದರೆ ಮಡಚಿದಲ್ಲಿ ಸೀಳುತ್ತದೆ. ಹಿಂದಿನ ಯಜಮಾನ ಮಹಾಶಯ ಜಿಪ್ ಇದೆಯೆಂಬುದನ್ನೇ ಗಮನಿಸಿರಲಿಲ್ಲವೇನೋ. ಕಿಟಕಿಯ ನಡುವೆ ಅಂಗೈ ರೇಖೆಗಳಂತೆ ಸೀಳುಗಳಿದ್ದವು. ಮೊದಲು 10 ಡಾಲರಿನ ಪಾಲಿಷ್ ತಂದು ಒಂದು ಮಧ್ಯಾಹ್ನ ಉಜ್ಜಿದೆ. ಮಂಜು ಹೋಯಿತು, ಸೀಳು ಉಳಿಯಿತು. ಎರಡು ತಿಂಗಳ ಬಿಸಿಲಿಗೆ ಮಂಜೂ ವಾಪಸ್ ಬಂತು. ಆಮೇಲೆ ಗುಜರಿಯಿಂದ ಸುಮಾರಾಗಿದ್ದ ವಿನೈಲ್ ಮಾಡೊಂದನ್ನು ತಂದು ಹಾಕಿದೆ. ಚಳಿಯಲ್ಲಿ ಅದು ಒಣಗಿದ ಅಡಕೆ ಹಾಳೆಯಷ್ಟು ಬಿರುಸಾಗಿ, ಕೊಕ್ಕೆ ಸಿಕ್ಕಿಸಲು ಇಬ್ಬರು ಬೇಕಾಗುತ್ತಿತ್ತು. ಕೊನೆಗೆ ಗಾಜಿನ ಕಿಟಕಿಯಿರುವ ಬಟ್ಟೆಯ ಮಾಡು. ಬೆಲೆ ಮೂರು ಪಟ್ಟು, ಗಾಜು ಚಿಕ್ಕದು, ಹಿಂದೆ ಕಾಣುವುದು ಸ್ವಲ್ಪ ಕಡಿಮೆ. ಆದರೆ ಜಿಪ್ಪಿನ ರಗಳೆಯಿಲ್ಲ, ಹೆದ್ದಾರಿಯಲ್ಲಿ ಸದ್ದು ಕಡಿಮೆ. ಮಳೆಯಲ್ಲಿ ನಿಲ್ಲುವ ಕಾರಿಗೆ ನಾನು ಬಟ್ಟೆಯದ್ದನ್ನೇ ಹೇಳುತ್ತೇನೆ. ಯಾವುದನ್ನು ಹಾಕಿದರೂ ಆ ಪ್ಲಾಸ್ಟಿಕ್ ಕಾಲುವೆಯನ್ನು ಹೊಸದಾಗಿ ಹಾಕಿ. ನನ್ನ ಹಳೆಯದು ಎರಡು ಕಡೆ ಬಿರುಕು ಬಿಟ್ಟು, ಕಪ್ಪು ಟೇಪಿನ ಬ್ಯಾಂಡೇಜು ಸುತ್ತಿಕೊಂಡಿತ್ತು.

ಎಂಜಿನ್ನಿನ ಟಿಕ್ ಟಿಕ್ ಸದ್ದು ಈ ಕಾರುಗಳ ಹಳೆಯ ರೋಗ. ಹದಿನಾರು ವಾಲ್ವ್‌ಗಳ ಮೇಲೆ ಹದಿನಾರು ಬಟ್ಟಲಾಕಾರದ ಟ್ಯಾಪೆಟ್‌ಗಳಿವೆ; ಒಳಗೆ ಎಣ್ಣೆ ತುಂಬಿಕೊಂಡು ಸಂದನ್ನು ತಾವೇ ಸರಿಪಡಿಸಿಕೊಳ್ಳುತ್ತವೆ. ಎಣ್ಣೆ ಬದಲಿಸದೆ ಓಡಿಸಿದರೆ ಗಸಿ ಕಟ್ಟಿ, ಒಳಗೆ ಗಾಳಿ ಸೇರಿ ಬಡಿದುಕೊಳ್ಳುತ್ತವೆ. ಆತ ಇದಕ್ಕೆ 20ಡಬ್ಲ್ಯೂ-50 ಎಂಬ ದಪ್ಪ ಎಣ್ಣೆ ಸುರಿದು ಸದ್ದಿನ ಬಾಯಿ ಮುಚ್ಚಿಸಿದ್ದ. ಮಿಶಿಗನ್ನಿನ ಜನವರಿಯಲ್ಲಿ ಅದು ಜೋನಿಬೆಲ್ಲ. ಎಣ್ಣೆಗೆ ಬೆರೆಸುವ ಶುದ್ಧಿದ್ರವದ ಡಬ್ಬಿ ನನ್ನ ಕಾರಿನಲ್ಲಿ ಏನೂ ಮಾಡಲಿಲ್ಲ. ಅದಕ್ಕಿಂತ ತೆಳುವಾದ 10ಡಬ್ಲ್ಯೂ-30 ಎಣ್ಣೆಯನ್ನು ಸಾವಿರ ಮೈಲಿಯೊಳಗೆ ಎರಡು ಬಾರಿ ಬದಲಿಸಿ ಹೆದ್ದಾರಿಯಲ್ಲಿ ಉದ್ದಕ್ಕೆ ಓಡಿಸಿದಾಗ ಸದ್ದು ಅರ್ಧ ಇಳಿಯಿತು. ಅಲ್ಲಿಗೇ ಬಿಡಬಹುದಿತ್ತು. ಆದರೆ 60,000 ಮೈಲಿಗೊಮ್ಮೆ ಬದಲಿಸಬೇಕಾದ ಟೈಮಿಂಗ್ ಬೆಲ್ಟ್ ಹೇಗೂ ಬಿಚ್ಚಬೇಕಿತ್ತು. ಅದು ಬಿಚ್ಚಿದ ಮೇಲೆ, ಟ್ಯಾಪೆಟ್‌ಗಳ ಮೇಲೆ ಕುಳಿತು ವಾಲ್ವ್‌ಗಳನ್ನು ಒತ್ತಿ ತೆರೆಯುವ ಕ್ಯಾಮ್ ದಂಡಗಳನ್ನು ಎತ್ತುವುದು ದೊಡ್ಡ ಕೆಲಸವಲ್ಲ.

ಟ್ಯಾಪೆಟ್ ಯಾವ ಗುಳಿಯಿಂದ ಬಂತೋ ಅದೇ ಗುಳಿಗೆ ಹಿಂತಿರುಗಬೇಕು. ಹದಿನಾರನ್ನು ಸಾಲು ತಪ್ಪದಂತೆ ಇಡುವುದು ಎಲ್ಲಿ ಎಂದು ಯೋಚಿಸುವಾಗ ಅಮ್ಮ ಊರಿನಿಂದ ಹೊತ್ತು ತಂದಿದ್ದ ಇಡ್ಲಿ ಸ್ಟ್ಯಾಂಡ್ ನೆನಪಾಯಿತು. ನಾಲ್ಕು ತಟ್ಟೆ, ತಟ್ಟೆಗೆ ನಾಲ್ಕು ಗುಳಿ. ಮೇಲಿನೆರಡು ಗಾಳಿ ಒಳಬರುವ ವಾಲ್ವಿನವು, ಕೆಳಗಿನೆರಡು ಹೊಗೆ ಹೊರಹೋಗುವವು. ಒಂದೊಂದನ್ನೇ ಹೆಬ್ಬೆರಳಿನಿಂದ ಅದುಮಿ ನೋಡಿದೆ: ಸರಿಯಿದ್ದದ್ದು ಕಲ್ಲಿನಂತೆ ನಿಲ್ಲುತ್ತದೆ, ಕೆಟ್ಟದ್ದು ಹುಳಿ ಬಂದ ಇಡ್ಲಿಯ ಹಾಗೆ ಒಳಕ್ಕೆ ಹೋಗುತ್ತದೆ. ಐದು ಮೆತ್ತಗಿದ್ದವು. ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಎಣ್ಣೆಯಲ್ಲಿ ಮುಳುಗಿಸಿ ಗಾಳಿ ಬಿಡಿಸಿ ಕೂರಿಸಿದೆ. ಮೊದಲ ಸಲ ಚಾಲು ಮಾಡಿದಾಗ ಡಬ್ಬಿಯೊಳಗೆ ಕಲ್ಲು ಹಾಕಿ ಕುಲುಕಿದಂಥ ಸದ್ದು. ಎದೆ ಒಡೆದುಹೋಯಿತು. ಐದು ನಿಮಿಷದಲ್ಲಿ ಒಂದೊಂದಾಗಿ, ಮಳೆ ನಿಂತ ಮೇಲೆ ಮಾಡಿನ ಹನಿ ನಿಲ್ಲುವ ಹಾಗೆ, ನಿಂತುಹೋಯಿತು. ಅಮ್ಮ ತಟ್ಟೆಯನ್ನು ಮೂಸಿ ನೋಡಿ, ‘ಇದನ್ನು ಇನ್ನು ಒಳಗೆ ತರಬೇಡ ಮಾರಾಯ’ ಎಂದಳು.

ಸಣ್ಣಪುಟ್ಟದ್ದನ್ನು ಬೇಗ ಮುಗಿಸುತ್ತೇನೆ. ಎಂಜಿನ್ ತಲೆಯ ಹಿಂಬದಿಯಲ್ಲಿ ಕ್ಯಾಮ್ ಸೆನ್ಸರಿನ ರಬ್ಬರ್ ಉಂಗುರ ಒಣಗಿ ಎಣ್ಣೆ ಸೋರುತ್ತದೆ. ಹೊರಗಿನಿಂದ ಮೆತ್ತಿದ ಸಿಲಿಕೋನ್ ನಿಲ್ಲುವುದಿಲ್ಲ, ಕಾಫಿಗಿಂತ ಅಗ್ಗದ ಹೊಸ ಉಂಗುರ ನಿಲ್ಲುತ್ತದೆ. ಪೆಡಲಿನ ಒತ್ತಡವನ್ನು ಕ್ಲಚ್ಚಿಗೆ ಮುಟ್ಟಿಸುವ ಎರಡು ಸಿಲಿಂಡರುಗಳಲ್ಲಿ ಕೆಳಗಿನದಕ್ಕೆ ಬರೀ ರಬ್ಬರ್ ಬದಲಿಸಿದ್ದು ಎಂಟು ತಿಂಗಳು ಬಾಳಿತು. ಹೊಸದು ಹಾಕಿದ ಮರು ತಿಂಗಳೇ ಮೇಲಿನದೂ ಕೈಕೊಟ್ಟಿತು. ಎರಡನ್ನೂ ಜೊತೆಗೇ ಬದಲಿಸಿ. ಬ್ಯಾಟರಿ ಇರುವುದು ಡಿಕ್ಕಿಯಲ್ಲಿ, ಆದ್ದರಿಂದ ಆವಿಯನ್ನು ಕೊಳವೆಯಿಂದ ಹೊರಬಿಡುವ ಮುಚ್ಚಿದ ಮಾದರಿಯೇ ಬೇಕು. ಆತ ಹಾಕಿದ್ದ ಮಾಮೂಲಿ ಬ್ಯಾಟರಿಯ ಆಮ್ಲ ಡಿಕ್ಕಿಯ ತಳವನ್ನು ತಿಂದಿತ್ತು. ಇದರಲ್ಲಿ ಹೋಲಿಕೆಗೆ ಜಾಗವೇ ಇಲ್ಲ.

ಈ ಬೇಸಿಗೆಯಲ್ಲಿ ಎಡ ಹೊಸ್ತಿಲನ್ನೂ ಕತ್ತರಿಸಬೇಕು. ವೆಲ್ಡರ್ ಒಪ್ಪಿದ್ದಾನೆ, ಒಂದು ಷರತ್ತಿನ ಮೇಲೆ: ಫೈಬರ್ ಗ್ಲಾಸ್ ಉರಿದರೆ ಕೆಟ್ಟ ಹೊಗೆ ಬರುತ್ತದೆ, ಅದನ್ನು ಒಂದು ಚೂರೂ ಬಿಡದಂತೆ ನಾನೇ ಕೆರೆದು ತರಬೇಕು. ಕಳೆದ ಎರಡು ಭಾನುವಾರ ಅದೇ ಕೆಲಸ ನಡೆದಿದೆ. ಮೈಯೆಲ್ಲ ತುರಿಕೆ. ಈ ಸಲ ಬೈಯಲು ಹಿಂದಿನ ಯಜಮಾನನೂ ಇಲ್ಲ.