ತೂಕದ ಯಂತ್ರಕ್ಕೂ ಕಂಪ್ಯೂಟರಿಗೂ ನಡುವೆ ಯಾವ ಚಿಪ್? ನನ್ನ ಮತ ಸಿಎಚ್340ಸಿಗೆ

ಗಂಗಾವತಿ, ಕಾರಟಗಿ ಕಡೆಯ ಅಕ್ಕಿ ಗಿರಣಿಗಳಲ್ಲಿ ಎಲೆಕ್ಟ್ರಾನಿಕ್ ತೂಕದ ಯಂತ್ರವನ್ನು ಬಿಲ್ ಹಾಕುವ ಕಂಪ್ಯೂಟರಿಗೆ ಜೋಡಿಸಿಕೊಡುವುದು ನನ್ನ ಕೆಲಸ. ಯಂತ್ರದ ಬೆನ್ನಿಗೆ ಒಂಬತ್ತು ಪಿನ್ನಿನ ಆರ್‌ಎಸ್-232 ಎಂಬ ಹಳೆಯ ಸೀರಿಯಲ್ ಪದ್ಧತಿಯ ಕನೆಕ್ಟರ್ ಇರುತ್ತದೆ. ಈಗಿನ ಕಂಪ್ಯೂಟರಿನಲ್ಲಿ ಯುಎಸ್‌ಬಿ ಬಿಟ್ಟರೆ ಗತಿಯಿಲ್ಲ. ಇವೆರಡರ ನಡುವೆ ಕೂರಬೇಕಾದ ಚಿಪ್ ಸಿಎಚ್340ಸಿ ಎಂದು ಮೊದಲೇ ಹೇಳಿಬಿಡುತ್ತೇನೆ. ಪಕ್ಷಪಾತ ಎನ್ನುವವರು ಎನ್ನಲಿ, ಪಿಎಲ್2303, ಎಫ್‌ಟಿ232ಆರ್‌ಎಲ್, ಸಿಪಿ2102 ಎಂಬ ಉಳಿದ ಮೂರನ್ನೂ ನನ್ನದೇ ದುಡ್ಡು ಹಾಕಿ ಬಳಸಿ ನೋಡಿದ್ದೇನೆ.

ಕೈಕೊಟ್ಟದ್ದು ಪಿಎಲ್2303. ಅಂಗಡಿಯಲ್ಲಿ ಸೀರಿಯಲ್ ಕೇಬಲ್ ಕೇಳಿದರೆ ಎರಕ ಹೊಯ್ದ ದಪ್ಪ ತಲೆಯ ಕೇಬಲ್ ಒಂದನ್ನು ಕೊಡುತ್ತಾರೆ. ಒಳಗೆ ಯಾವ ಚಿಪ್ ಇದೆ ಎಂದು ಮಾರುವವನಿಗೂ ಗೊತ್ತಿರುವುದಿಲ್ಲ, ಕೊಯ್ದು ನೋಡದೆ ನಮಗೂ ತಿಳಿಯುವುದಿಲ್ಲ. ವಿಂಡೋಸ್ 7 ಇದ್ದ ಕಾಲಕ್ಕೆ ಅದು ಒಂದು ದಿನವೂ ತಕರಾರು ಮಾಡಲಿಲ್ಲ. ಗಿರಣಿಗೆ ವಿಂಡೋಸ್ 11ರ ಹೊಸ ಕಂಪ್ಯೂಟರ್ ಬಂತು, ಅಲ್ಲಿಂದ ಶುರುವಾಯಿತು. ಡಿವೈಸ್ ಮ್ಯಾನೇಜರ್ ತೆರೆದರೆ ಹಳದಿ ತ್ರಿಕೋನ, ಅದರ ಪಕ್ಕ ಚಿಪ್ಪಿನ ಹೆಸರಿರಬೇಕಾದ ಜಾಗದಲ್ಲಿ ಇಂಗ್ಲಿಷಿನ ಒಂದು ಸಾಲು: ಪಿಎಲ್2303ಎಚ್‌ಎಕ್ಸ್‌ಎ 2012ರಿಂದಲೇ ನಿಂತುಹೋಗಿದೆ, ನಿಮಗೆ ಮಾರಿದವರನ್ನು ಸಂಪರ್ಕಿಸಿ. ಆ ಹಳೆಯ ಮಾದರಿಯ ಹೆಸರಿನಲ್ಲಿ ನಕಲಿಗಳು ವಿಪರೀತ ಹುಟ್ಟಿಕೊಂಡಿದ್ದವು. ಚಿಪ್ಪನ್ನು ವಿಂಡೋಸಿಗೆ ಪರಿಚಯಿಸುವ ತಂತ್ರಾಂಶಕ್ಕೆ ಡ್ರೈವರ್ ಎನ್ನುತ್ತಾರೆ. ಹೊಸ ಡ್ರೈವರ್ ಆ ಮಾದರಿ ಕಂಡರೆ ಅಸಲಿ, ನಕಲಿ ಎಂದು ನೋಡದೆ ಕೆಲಸ ನಿರಾಕರಿಸುತ್ತದೆ.

ಇದಕ್ಕೆ ಮದ್ದಿಲ್ಲ ಎಂದಲ್ಲ. ಡ್ರೈವರ್ ಬದಲಿಸುವ ಆಯ್ಕೆಗೆ ಹೋಗಿ, ಕಂಪ್ಯೂಟರಿನಲ್ಲೇ ಇರುವ ಪಟ್ಟಿಯಿಂದ ಹಳೆಯ ಆವೃತ್ತಿ ಆರಿಸಿದರೆ ಕೇಬಲ್ ಜೀವ ಪಡೆಯುತ್ತದೆ. ನಾನೂ ಹಾಗೆಯೇ ಮಾಡಿ, ಚಹಾ ಕುಡಿದು ಊರಿಗೆ ಬಂದೆ. ಕೆಲವು ವಾರ ಕಳೆದ ಮೇಲೆ ವಿಂಡೋಸ್ ತಾನೇ ಅಪ್‌ಡೇಟ್ ಆಗಿ ಹೊಸ ಡ್ರೈವರನ್ನು ಮತ್ತೆ ತಂದು ಕೂರಿಸಿತು. ಅಷ್ಟರಲ್ಲಿ ಸುಗ್ಗಿ. ಅಂಗಳದ ತುಂಬ ಭತ್ತದ ಟ್ರ್ಯಾಕ್ಟರುಗಳು, ತೂಕದ ಯಂತ್ರದ ಮೇಲೆ ಚೀಲ, ಪರದೆಯ ಮೇಲೆ ಸೊನ್ನೆ. ಗುಮಾಸ್ತರು ತೂಕವನ್ನು ನೋಟ್‌ಬುಕ್ಕಿನಲ್ಲಿ ಕೈಯಲ್ಲೇ ಬರೆದುಕೊಳ್ಳುತ್ತಿದ್ದರು. ನಮ್ಮ ಕಡೆ ಭತ್ತದ ದರ 75 ಕಿಲೋ ಚೀಲದ ಲೆಕ್ಕ. ಒಂದು ಅಂಕಿ ಆಚೀಚೆ ಆದರೂ ರೈತರು ಬಿಡುವುದಿಲ್ಲ, ಬಿಡಲೂಬಾರದು. “ತಮ್ಮಾ, ಮೊನ್ನೆಯೇ ಸರಿಮಾಡಿ ಹೋಗಿದ್ದೆಯಲ್ಲ, ಮತ್ತೇನಾಯಿತು?” ಎಂದು ಸಾಹುಕಾರರು ಕೇಳಿದಾಗ ವಿಂಡೋಸ್ ಅಪ್‌ಡೇಟಿನ ಪುರಾಣ ಹೇಳಲು ಬರುತ್ತದೆಯೇ? ಡ್ರೈವರ್ ಅಪ್‌ಡೇಟ್ ಆಗದಂತೆ ತಡೆದು ನೋಡಿದೆ. ಇ-ವೇ ಬಿಲ್ಲಿಗಾಗಿ ಆ ಕಂಪ್ಯೂಟರಿಗೆ ಇಂಟರ್ನೆಟ್ ಬೇಕೇ ಬೇಕು, ಅದನ್ನು ಮುಟ್ಟುವ ಕೈಗಳೂ ಹಲವು. ಯಾರೋ ಬಂದು ನಾನು ಹಾಕಿದ ತಡೆಯನ್ನು ತೆಗೆದು ‘ಸರಿಮಾಡಿ’ ಹೋದರು! ಕೇಬಲ್ ಮಾರಿದ ಅಂಗಡಿಯವರು “ನಮ್ಮಲ್ಲಿ ಚೆಕ್ ಮಾಡಿಯೇ ಕೊಟ್ಟಿದ್ದೇವೆ” ಎಂದರು. ಅವರ ಕಂಪ್ಯೂಟರಿನಲ್ಲಿದ್ದದ್ದು ವಿಂಡೋಸ್ 7.

ಹೊಸ ಪೀಳಿಗೆಯ ಪಿಎಲ್2303 ಚಿಪ್ಪುಗಳಿಗೆ ಈ ರೋಗವಿಲ್ಲ ಎಂಬುದು ನಿಜ. ಆದರೆ ಮುಚ್ಚಿದ ಕೇಬಲ್ಲಿನೊಳಗೆ ಯಾವ ಪೀಳಿಗೆ ಕೂತಿದೆ ಎಂದು ಹೇಳುವವರು ಯಾರು?

ಎಫ್‌ಟಿ232ಆರ್‌ಎಲ್ ಅಸಲಿ ಸಿಕ್ಕರೆ ಎಲ್ಲಕ್ಕಿಂತ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಪ್ರತಿ ಚಿಪ್ಪಿಗೂ ಅದರದೇ ಕ್ರಮಸಂಖ್ಯೆ ಇರುತ್ತದೆ. ಬೆಲೆಯೋ, ಸಿಎಚ್340ರ ಹಲವು ಪಟ್ಟು. ಅಗ್ಗಕ್ಕೆ ಸಿಗುವುದು ನಕಲಿ, ನಕಲಿಯ ಇತಿಹಾಸ ಭಯಾನಕ. 2014ರಲ್ಲಿ ಬಂದ ಡ್ರೈವರ್ ನಕಲಿ ಚಿಪ್ಪುಗಳ ಗುರುತಿನ ಸಂಖ್ಯೆಯನ್ನೇ ಸೊನ್ನೆ ಮಾಡಿ ಕಂಪ್ಯೂಟರ್ ಅವನ್ನು ಗುರುತಿಸದಂತೆ ಮಾಡಿತು. 2016ರದ್ದು ಇನ್ನೂ ತಮಾಷೆ: ಬರುವ ಮಾಹಿತಿಯ ಜಾಗದಲ್ಲಿ ‘ಇದು ಅಸಲಿ ಸಾಧನವಲ್ಲ’ ಎಂಬ ಅರ್ಥದ ಇಂಗ್ಲಿಷ್ ವಾಕ್ಯ ತುಂಬುತ್ತಿತ್ತು. ತೂಕದ ಚೀಟಿಯಲ್ಲಿ ಕಿಲೋ ಬರಬೇಕಾದ ಕಡೆ ಆ ವಾಕ್ಯ ಅಚ್ಚಾದರೆ ನನ್ನ ವ್ಯಾಪಾರ ಮುಗಿದಂತೆಯೇ.

ಸಿಪಿ2102 ಬಗ್ಗೆ ನನಗೆ ದೂರಿಲ್ಲ, ಅದು ನಿಯತ್ತಿನ ಚಿಪ್. ತೊಂದರೆ ಇರುವುದು ನನ್ನ ಕೆಲಸದ ರೀತಿಯಲ್ಲಿ. ಮಳೆಗಾಲದ ಮೊದಲ ಗುಡುಗು ಸಿಡಿಲಿಗೆ ಗಿರಣಿಯಲ್ಲಿ ಏನಾದರೊಂದು ಸುಡುತ್ತದೆ, ಬಹಳ ಸಲ ಯಂತ್ರಕ್ಕೂ ಕಂಪ್ಯೂಟರಿಗೂ ನಡುವಿನ ಚಿಪ್ಪೇ. ಸಿಪಿ2102 ಐದು ಮಿಲಿಮೀಟರ್ ಚೌಕ, ಕಾಲುಗಳೇ ಇಲ್ಲ, ಬೆಸುಗೆಯ ಬಿಂದುಗಳೆಲ್ಲ ಹೊಟ್ಟೆಯಡಿ. ಬಿಸಿಗಾಳಿ ಯಂತ್ರ ಇದ್ದವರು ಬದಲಿಸುತ್ತಾರೆ. ನನ್ನ ಚೀಲದಲ್ಲಿರುವುದು 25 ವ್ಯಾಟಿನ ಸೋಲ್ಡರಿಂಗ್ ಐರನ್.

ಸಿಎಚ್340ಸಿಗೆ ಎರಡೂ ಬದಿಗೆ ಎಂಟೆಂಟು ಕಾಲು, ನಡುವೆ 1.27 ಮಿಲಿಮೀಟರ್ ಅಂತರ. ಕನ್ನಡಕ ಹಾಕಿಕೊಂಡರೆ ಗಿರಣಿಯ ಗುಮಾಸ್ತರ ಮೇಜಿನ ಮೇಲೆಯೇ ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಬಹುದು. ಇದರ ಅಣ್ಣ ಸಿಎಚ್340ಜಿಗೆ ಹೊರಗಡೆ 12 ಮೆಗಾಹರ್ಟ್ಸ್ ಕ್ರಿಸ್ಟಲ್ ಬೇಕು, ಇದಕ್ಕೆ ಅದೂ ಬೇಡ. ಬೋರ್ಡಿನಲ್ಲಿ ಇದರ ಪಕ್ಕ ವೋಲ್ಟೇಜ್ ಹೊಂದಿಸುವ ಒಂದು ಮ್ಯಾಕ್ಸ್3232 ಚಿಪ್ ಮತ್ತು ಕೆಲವು 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಟ್ಟರೆ ಕೆಲಸ ಮುಗಿಯಿತು. ಮ್ಯಾಕ್ಸ್3232 ಬಿಟ್ಟು ತೂಕದ ಯಂತ್ರದ ತಂತಿಯನ್ನು ನೇರವಾಗಿ ಚಿಪ್ಪಿಗೆ ಕೊಡಬೇಡಿ. ಆರ್‌ಎಸ್-232ರಲ್ಲಿ ಋಣ ವೋಲ್ಟೇಜೂ ಬರುತ್ತದೆ, ಚಿಪ್ ಉಳಿಯುವುದಿಲ್ಲ. ಇಷ್ಟೂ ಸಾಮಾನನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಒಟ್ಟಿಗೆ ತರಿಸಿದರೆ ಒಂದು ಬೋರ್ಡಿಗೆ ಇನ್ನೂರು ರೂಪಾಯಿಯೊಳಗೆ ಆಗುತ್ತದೆ.

ದೋಷ ಇದಕ್ಕೂ ಇದೆ. ಈ ಚಿಪ್ಪಿಗೆ ಕ್ರಮಸಂಖ್ಯೆ ಇಲ್ಲದ ಕಾರಣ ಕಸ ಗುಡಿಸುವಾಗ ತಂತಿ ಕಿತ್ತು ಬೇರೆ ಯುಎಸ್‌ಬಿ ತೂತಿಗೆ ಹಾಕಿದರೆ ವಿಂಡೋಸ್ ಹೊಸ ಕಾಮ್ ಸಂಖ್ಯೆ (ಸೀರಿಯಲ್ ಪೋರ್ಟಿನ ಸಂಖ್ಯೆ) ಕೊಡುತ್ತದೆ, ಬಿಲ್ಲಿನ ಸಾಫ್ಟ್‌ವೇರ್ ಹಳೆಯದನ್ನೇ ಕಾಯುತ್ತ ಕೂರುತ್ತದೆ. ಆ ತೂತಿಗೆ ಕೆಂಪು ಟೇಪು ಸುತ್ತಿ ಬರುತ್ತೇನೆ. ಉಬುಂಟು 22.04ರಲ್ಲಿ ಮತ್ತೊಂದು ವಿಚಿತ್ರ: ಅಂಧರ ಬ್ರೈಲ್ ಪರದೆಗಾಗಿ ಇರುವ ಬಿಆರ್‌ಎಲ್‌ಟಿಟಿವೈ ಎಂಬ ತಂತ್ರಾಂಶ ಈ ಚಿಪ್ಪನ್ನು ತನ್ನ ಸಾಧನವೆಂದು ತಿಳಿದು ಹಿಡಿದುಕೊಳ್ಳುತ್ತದೆ, ಪೋರ್ಟ್ ಕಾಣಿಸಿದ್ದು ಮಾಯವಾಗುತ್ತದೆ. ಬ್ರೈಲ್ ಬಳಸುವವರು ಇಲ್ಲದ ಕಂಪ್ಯೂಟರಿನಲ್ಲಿ ಅದನ್ನು ತೆಗೆದುಹಾಕಿದರೆ ಸರಿ.

ಗೋದಾಮಿನ ತೂಕವನ್ನು ಕಚೇರಿಯ ನೆಟ್‌ವರ್ಕಿಗೆ ತರಬೇಕು ಎನ್ನುವವರಿಗೆ ಆಯ್ಕೆ ಬೇರೆ. ಇಎಸ್‌ಪಿ8266 ಎಂಬ ವೈಫೈ ಚಿಪ್ ಅಗ್ಗ, ಆದರೆ ತಗಡಿನ ಗೋಡೆ, ಚೀಲಗಳ ರಾಶಿ ದಾಟಿ ವೈಫೈ ಬರುವುದು ಅದೃಷ್ಟದ ಮಾತು. ಅದನ್ನು ಎಫ್‌ಟಿ232ಆರ್‌ಎಲ್‌ನ 3.3 ವೋಲ್ಟ್ ಪಿನ್ನಿನಿಂದ ನಡೆಸಲು ಹೋಗಬೇಡಿ, ಅಲ್ಲಿ ಸಿಗುವುದು 50 ಮಿಲಿಆಂಪಿಯರ್, ವೈಫೈ ಕೇಳುವುದು ಅದರ ಹಲವು ಪಟ್ಟು. ತಂತಿ ಎಳೆಯಬಹುದಾದರೆ ಡಬ್ಲ್ಯು5500 ಎಂಬ ಈಥರ್ನೆಟ್ ಚಿಪ್. ಇಎನ್‌ಸಿ28ಜೆ60 ಅದಕ್ಕಿಂತ ಅಗ್ಗವಾದರೂ 10 ಮೆಗಾಬಿಟ್‌ಗೇ ನಿಲ್ಲುತ್ತದೆ. ನೆಟ್‌ವರ್ಕಿನಲ್ಲಿ ಮಾಹಿತಿ ಸಾಗಿಸುವ ನಿಯಮವಾದ ಟಿಸಿಪಿಯ ಭಾರವನ್ನೆಲ್ಲ ನಿಮ್ಮ ಪುಟ್ಟ ಮೈಕ್ರೋಕಂಟ್ರೋಲರಿನ ತಲೆಗೆ ಹೊರಿಸುತ್ತದೆ. ಡಬ್ಲ್ಯು5500 ಆ ಕೆಲಸವನ್ನು ತನ್ನೊಳಗೇ ಮಾಡಿಕೊಳ್ಳುತ್ತದೆ, ಒಟ್ಟಿಗೆ ಎಂಟು ಸಂಪರ್ಕ ನಿಭಾಯಿಸುತ್ತದೆ. ನೆಟ್‌ವರ್ಕಿನಲ್ಲಿ ಸಾಧನವನ್ನು ಗುರುತಿಸುವ ಮ್ಯಾಕ್ ವಿಳಾಸ ಮಾತ್ರ ಹುಟ್ಟಿನಿಂದ ಬರುವುದಿಲ್ಲ, ನಾವೇ ಬರೆಯಬೇಕು. ಒಂದೇ ಗಿರಣಿಯಲ್ಲಿ ಎರಡು ಹಾಕುವವರು ಉದಾಹರಣೆ ಪ್ರೋಗ್ರಾಮಿನಲ್ಲಿರುವ ವಿಳಾಸವನ್ನೇ ಎರಡಕ್ಕೂ ಕೊಟ್ಟರೆ ಒಂದು ಕಾಣಿಸಿದಾಗ ಇನ್ನೊಂದು ಕಾಣಿಸುವುದಿಲ್ಲ. ಕೊನೆಯ ಎರಡು ಅಂಕಿ ಬದಲಿಸಿ, ಬೋರ್ಡಿನ ಮೇಲೆ ಪೆನ್ನಿನಲ್ಲಿ ಬರೆದಿಡಿ.