ನೋಕಿಯಾ ಎನ್900ರಲ್ಲಿ ಲಿನಕ್ಸ್: ಹಾಕುವುದು ಒಂದು ಸಂಜೆಯ ಕೆಲಸ, ಅಪ್‌ಡೇಟ್ ವರ್ಷಪೂರ್ತಿಯದು

ಕರೆ ಮಾಡಲು, ವಾಟ್ಸ್‌ಆಪ್ ನೋಡಲು, ತರಕಾರಿ ಅಂಗಡಿಯಲ್ಲಿ ಯುಪಿಐನಿಂದ ಹಣ ಕೊಡಲು ಫೋನ್ ಬೇಕು ಎನ್ನುವವರು ಈ ವಿಮರ್ಶೆಯನ್ನು ಇಲ್ಲಿಗೇ ಬಿಡಬಹುದು. 2009ರ ಕೊನೆಯಲ್ಲಿ ಮಾರುಕಟ್ಟೆಗೆ ಬಂದ ನೋಕಿಯಾ ಎನ್900 ಈ ಕೆಲಸಗಳಿಗೆ ಈಗ ಸರಿಯಾಗಿ ಒದಗುವುದಿಲ್ಲ. ಅದರಲ್ಲಿ 4ಜಿ ಇಲ್ಲ. ಅದಕ್ಕೆ ಗೊತ್ತಿರುವ 3ಜಿ ಜಾಲವನ್ನು ನಮ್ಮಲ್ಲಿ ಬಹುಮಟ್ಟಿಗೆ ಮುಚ್ಚಿಯಾಗಿದೆ. ಪರದೆಯನ್ನು ಮೇಲಕ್ಕೆ ಜಾರಿಸಿದರೆ ಕೀಬೋರ್ಡ್ ತೆರೆದುಕೊಳ್ಳುವ, ಅಂಗಿಯ ಜೇಬಿನಲ್ಲಿ ಕೂರುವ ಒಂದು ನಿಜವಾದ ಲಿನಕ್ಸ್ ಯಂತ್ರ ಬೇಕು ಎನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹಲವು ವರ್ಷಗಳಿಂದ ಇದು ನನ್ನ ಎರಡನೆಯ ಫೋನ್. ಸರಿಯಾಗಿ ಹೇಳಬೇಕೆಂದರೆ, ಎರಡನೆಯ ಕಂಪ್ಯೂಟರ್.

ಒಳಗಿರುವ ಸಾಮಾನು ಇಷ್ಟೇ: 600 ಮೆಗಾಹರ್ಟ್ಸ್‌ನ ಕಾರ್ಟೆಕ್ಸ್-ಎ8 ಪ್ರೊಸೆಸರ್, 256 ಎಂಬಿ ರ‍್ಯಾಮ್, 32 ಜಿಬಿ ಒಳಸಂಗ್ರಹ, ಒಂದು ಮೈಕ್ರೋಎಸ್‌ಡಿ ಕಾರ್ಡ್ ಜಾಗ, 800×480ರ ಮೂರೂವರೆ ಇಂಚಿನ ಪರದೆ. ಪರದೆ ಒತ್ತಡಕ್ಕೆ ಸ್ಪಂದಿಸುವ ಹಳೆಯ ಬಗೆಯದು, ಬೆರಳಿಗಿಂತ ಉಗುರಿನ ಮಾತನ್ನು ಹೆಚ್ಚು ಕೇಳುತ್ತದೆ. ಈ ಅಂಕಿಗಳನ್ನು ನೋಡಿ ನಗುವವರನ್ನು ನಾನು ತಡೆಯುವುದಿಲ್ಲ. ಆದರೆ ಇದರಲ್ಲಿ ಇಂದಿಗೂ ಲಿನಕ್ಸ್‌ನ ಹೊಸ ಕರ್ನಲ್, ಅಂದರೆ ಯಂತ್ರಾಂಶವನ್ನು ನಡೆಸುವ ತಿರುಳು, ಎದ್ದು ಓಡುತ್ತದೆ. ಇದಕ್ಕಿಂತ ಬಹಳ ವರ್ಷ ಕಿರಿಯ, ಬಹಳ ಬಲಿಷ್ಠ ಫೋನುಗಳ ಬಗ್ಗೆ ಈ ಮಾತು ಹೇಳಲಾಗುವುದಿಲ್ಲ.

ಎನ್900 ಹುಟ್ಟಿದ್ದೇ ಲಿನಕ್ಸ್‌ನೊಂದಿಗೆ. ಅದರ ಮೀಮೋ 5 ವ್ಯವಸ್ಥೆಯಲ್ಲಿ ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ ಮಾದರಿಯ ಪ್ಯಾಕೇಜುಗಳಿದ್ದವು, ಟರ್ಮಿನಲ್ ಮೊದಲ ದಿನದಿಂದಲೇ ಇತ್ತು. ನೋಕಿಯಾ ಕೊಟ್ಟ ಕೊನೆಯ ದೊಡ್ಡ ಅಧಿಕೃತ ಆವೃತ್ತಿ ಪಿಆರ್ 1.3, ಅದು 2010ರ ಅಕ್ಟೋಬರ್‌ನದು. 2011ರ ಫೆಬ್ರುವರಿಯಲ್ಲಿ ಕಂಪನಿ ಮೈಕ್ರೋಸಾಫ್ಟ್ ಜೊತೆ ಕೈಜೋಡಿಸಿದ ಮೇಲೆ ಈ ದಾರಿಗೆ ಭವಿಷ್ಯ ಉಳಿಯಲಿಲ್ಲ. ಸಾಮಾನ್ಯವಾಗಿ ಫೋನಿನ ಕಥೆ ಅಲ್ಲಿಗೆ ಮುಗಿಯುತ್ತದೆ. ಇಲ್ಲಿ ಹಾಗಾಗಲಿಲ್ಲ. ಪಾಲಿ ರೋಹಾರ್, ಪಾವೆಲ್ ಮಾಚೆಕ್, ಸೆಬಾಸ್ಟಿಯನ್ ರೈಶೆಲ್, ಇವೈಲೋ ದಿಮಿತ್ರೋವ್ ಮುಂತಾದವರು ಇದರ ಡ್ರೈವರುಗಳನ್ನು ಒಂದೊಂದಾಗಿ ಮುಖ್ಯ ಲಿನಕ್ಸ್ ಕರ್ನಲ್‌ಗೇ ಸೇರಿಸುತ್ತ ಬಂದರು. ಹಾಗಾಗಿ ಕರ್ನಲ್‌ನ ಮೂಲ ಸಂಕೇತದಲ್ಲಿ ‘ಓಮ್ಯಾಪ್3-ಎನ್900’ ಎಂಬ ಕಡತ ಇಂದಿಗೂ ಇದೆ. ಬೇರೆಯವರು ಕರ್ನಲ್‌ನಲ್ಲಿ ಏನನ್ನೇ ಬದಲಿಸಿದರೂ ಈ ಹಳೆಯ ಫೋನನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹೋಲಿಕೆಗೆ 2018ರಲ್ಲಿ ಬಂದ ಜೆಮಿನಿ ಪಿಡಿಎಯನ್ನು ನೋಡಿ. ಹತ್ತು ಕೋರ್‌ಗಳ ಮೀಡಿಯಾಟೆಕ್ ಪ್ರೊಸೆಸರ್, 4 ಜಿಬಿ ರ‍್ಯಾಮ್, ಎರಡೂ ಕೈಯ ಬೆರಳುಗಳಿಂದ ಟೈಪ್ ಮಾಡಬಹುದಾದ ಸೊಗಸಾದ ಕೀಬೋರ್ಡ್. ಡೆಬಿಯನ್ ಕೂಡ ಓಡುತ್ತದೆ. ಆದರೆ ಅದರ ಅಡಿಯಲ್ಲಿರುವುದು ಆಂಡ್ರಾಯ್ಡ್‌ಗಾಗಿ ಸಿದ್ಧಪಡಿಸಿದ 3.18 ಕರ್ನಲ್; ಆಂಡ್ರಾಯ್ಡ್‌ನ ಮುಚ್ಚಿದ ಡ್ರೈವರುಗಳನ್ನು ಲಿಬ್‌ಹೈಬ್ರಿಸ್ ಎಂಬ ಮಧ್ಯವರ್ತಿಯ ಮೂಲಕ ಡೆಬಿಯನ್‌ಗೆ ಜೋಡಿಸಿದ್ದಾರೆ. ಮೇಲಿನ ಪ್ಯಾಕೇಜುಗಳನ್ನು ಎಷ್ಟು ಬೇಕಾದರೂ ಹೊಸದಾಗಿಸಬಹುದು, ಅಡಿಪಾಯ ಮಾತ್ರ ಇದ್ದಲ್ಲೇ ಇರುತ್ತದೆ. ಆದ್ದರಿಂದ ಕೀಬೋರ್ಡ್ ಫೋನ್ ಕೊಳ್ಳುವ ಮೊದಲು ರ‍್ಯಾಮ್ ಎಷ್ಟು ಎಂದು ಕೇಳುವವರಿಗೆ, ಮುಖ್ಯ ಕರ್ನಲ್‌ನಲ್ಲಿ ಅದರ ಹೆಸರಿದೆಯೇ ನೋಡಿ ಎಂದೇ ನಾನು ಉತ್ತರಿಸುವುದು.

ಈಗ ಯಾವ ಲಿನಕ್ಸ್ ಹಾಕಬೇಕು? ಗಂಭೀರವಾಗಿ ನೋಡಬೇಕಾದವು ಎರಡೇ. ಒಂದು, ಆಲಿವರ್ ಸ್ಮಿತ್ 2017ರಲ್ಲಿ ಘೋಷಿಸಿದ, ಆಲ್ಪೈನ್ ಲಿನಕ್ಸ್ ಆಧಾರಿತ ಪೋಸ್ಟ್‌ಮಾರ್ಕೆಟ್ ಓಎಸ್. ಇನ್ನೊಂದು ಮೀಮೋ ಲೆಸ್ಟೆ. ಇದು ಡೆಬಿಯನ್‌ನಿಂದ ಕವಲೊಡೆದ ಡೆವುವಾನ್ ಮೇಲೆ ನಿಂತಿದೆ, ಹಳೆಯ ಮೀಮೋದ ಮುಖಚಹರೆಯನ್ನು ಉಳಿಸಿಕೊಂಡಿದೆ. ಹಳೆಯ ಎನ್900ರ ನೆನಪು ಇರುವವರಿಗೆ ಲೆಸ್ಟೆ ಇಷ್ಟವಾಗುತ್ತದೆ: ಅದೇ ಕಿಟಕಿಗಳು, ಅದೇ ಮೆನು, ಕರೆಯ ವ್ಯವಸ್ಥೆಗೂ ಅಲ್ಲಿ ಹೆಚ್ಚು ದುಡಿದಿದ್ದಾರೆ. ನಾನು ದಿನಬಳಕೆಗೆ ಇಟ್ಟುಕೊಂಡಿರುವುದು ಪೋಸ್ಟ್‌ಮಾರ್ಕೆಟ್ ಓಎಸ್, ಅದರ ಮೇಲೆ ಐ3 ವಿಂಡೋ ಮ್ಯಾನೇಜರ್. ಕಾರಣ ರಸಿಕತೆಯದಲ್ಲ, ರ‍್ಯಾಮಿನದು. ಪ್ಯಾಕೇಜುಗಳನ್ನು ತಂದು ಹಾಕುವ ಆಲ್ಪೈನ್‌ನ ಸಾಧನ ಎಪಿಕೆ ಚಿಕ್ಕದು, ಚುರುಕು. ಲೆಸ್ಟೆಯಲ್ಲಿ ಅದೇ ಕೆಲಸದ ಎಪಿಟಿ ಪ್ಯಾಕೇಜ್ ಪಟ್ಟಿಯನ್ನು ಓದಲು ಕುಳಿತರೆ 256 ಎಂಬಿ ಸಾಲದೆ ಸ್ವ್ಯಾಪ್‌ಗೆ, ಅಂದರೆ ರ‍್ಯಾಮಿನ ಬದಲು ಸಂಗ್ರಹದ ಜಾಗಕ್ಕೆ, ಕೈಚಾಚುತ್ತದೆ. ಶೇಕಡಾವಾರು ಅಂಕಿ ಏರುವುದನ್ನು ನೋಡುತ್ತ ಕೂರಬೇಕು.

ಇನ್‌ಸ್ಟಾಲ್ ಮಾಡುವ ಕ್ರಮ ಹೆದರಿಸುವಂತೆ ಕಾಣುತ್ತದೆ, ನಿಜದಲ್ಲಿ ಹಾಗಿಲ್ಲ. ಲ್ಯಾಪ್‌ಟಾಪ್‌ನಲ್ಲಿ ‘ಪಿಎಂಬೂಟ್‌ಸ್ಟ್ರ್ಯಾಪ್’ ಎಂಬ ಸಾಧನವನ್ನು ಓಡಿಸಿದರೆ ಅದು ತಯಾರಕರು ಯಾರು, ಯಾವ ಮಾದರಿ, ಯಾವ ವಿಂಡೋ ವ್ಯವಸ್ಥೆ, ಬಳಕೆದಾರನ ಹೆಸರೇನು ಎಂದು ಒಂದೊಂದಾಗಿ ಕೇಳಿಕೊಂಡು ಮೈಕ್ರೋಎಸ್‌ಡಿ ಕಾರ್ಡ್‌ಗೆ ಎಲ್ಲವನ್ನೂ ಬರೆದುಕೊಡುತ್ತದೆ. ಡಿಸ್ಕ್‌ನ ಹೆಸರು ಕೊಡುವಾಗ ಮಾತ್ರ ನಿಧಾನಿಸಿ, ಅದು ಕಾರ್ಡಿನದೇ ಹೆಸರು ಹೌದೇ ಎಂದು ನೋಡಿಕೊಳ್ಳಿ. ತಪ್ಪಾಗಿ ಬೇರೆ ಡಿಸ್ಕ್‌ನ ಹೆಸರು ಕೊಟ್ಟರೆ ಅದನ್ನೂ ಅಷ್ಟೇ ಶ್ರದ್ಧೆಯಿಂದ ಅಳಿಸಿಹಾಕುತ್ತದೆ. ಫೋನಿನ ಒಳಸಂಗ್ರಹವನ್ನು ಮುಟ್ಟುವ ಅಗತ್ಯವೇ ಇಲ್ಲ. ಹಳೆಯ ಮೀಮೋ ತನ್ನ ಪಾಡಿಗೆ ಒಳಗಿರಲಿ.

ಕಾರ್ಡನ್ನು ಫೋನಿಗೆ ಹಾಕಿದ ಮೇಲೆ ಹಿಂಬದಿಯ ಮುಚ್ಚಳವನ್ನು ಮುಚ್ಚಲೇಬೇಕು. ಎನ್900ರ ಮುಚ್ಚಳಕ್ಕೆ ಒಂದು ಸಂವೇದಕವಿದೆ; ಮುಚ್ಚಳ ತೆರೆದಿದ್ದರೆ ಕಾರ್ಡೇ ಇಲ್ಲವೆಂದು ವ್ಯವಸ್ಥೆ ತಿಳಿಯುತ್ತದೆ. ‘ಕಾರ್ಡ್ ಸಿಗುತ್ತಿಲ್ಲ’ ಎಂಬ ದೂರುಗಳಲ್ಲಿ ಎಷ್ಟೋ ಈ ಮುಚ್ಚಳಕ್ಕೆ ಬಂದು ನಿಲ್ಲುತ್ತವೆ. ಕಾರ್ಡಿನಿಂದ ಲಿನಕ್ಸ್ ಓಡುತ್ತಿರುವಾಗ ಮುಚ್ಚಳ ತೆಗೆದರಂತೂ ನಡೆಯುವವನ ಕಾಲಡಿಯ ಹಲಗೆ ಎಳೆದಂತೆ.

ಮುಂದಿನದು ಯು-ಬೂಟ್, ಅಂದರೆ ಆನ್ ಮಾಡಿದಾಗ ಕರ್ನಲನ್ನು ಎಬ್ಬಿಸುವ ಪುಟ್ಟ ತಂತ್ರಾಂಶ. ಫೋನನ್ನು ಪೂರ್ತಿ ಆರಿಸಿ, ಕೀಬೋರ್ಡ್ ಜಾರಿಸಿ, ‘ಯು’ ಕೀಯನ್ನು ಒತ್ತಿ ಹಿಡಿದುಕೊಂಡೇ ಯುಎಸ್‌ಬಿ ಕೇಬಲ್ ಸಿಕ್ಕಿಸಬೇಕು. ನೋಕಿಯಾ ಎಂಬ ಹೆಸರು ಮೂಡಿ, ಪರದೆಯ ಬಲ ಮೇಲ್ತುದಿಯಲ್ಲಿ ಪುಟ್ಟ ಯುಎಸ್‌ಬಿ ಚಿಹ್ನೆ ಕಂಡರೆ ಫೋನ್ ಕೇಳಿಸಿಕೊಳ್ಳುತ್ತಿದೆ ಎಂದರ್ಥ. ‘ಝೀರೋ ಎಕ್ಸ್ ಎಫ್ಎಫ್ಎಫ್ಎಫ್’ ಎಂಬ ವಿಚಿತ್ರ ಹೆಸರಿನ ಮುಕ್ತ ತಂತ್ರಾಂಶದಿಂದ ಯು-ಬೂಟನ್ನು ಶಾಶ್ವತವಾಗಿ ಬರೆಯದೆ, ಬರೀ ರ‍್ಯಾಮಿಗೆ ತುಂಬಿ ಓಡಿಸಿ ನೋಡಬಹುದು. ಇದು ನನಗೆ ಬಹಳ ಹಿಡಿಸಿದ ಸೌಲಭ್ಯ. ಬ್ಯಾಟರಿ ತೆಗೆದು ಹಾಕಿದರೆ ಫೋನ್ ಮೊದಲಿನಂತೆಯೇ. ಎಲ್ಲ ಸರಿ ಎನಿಸಿದ ಮೇಲೆ ಯು-ಬೂಟನ್ನು ಮೀಮೋದ ಕರ್ನಲ್‌ನೊಂದಿಗೆ ಜೋಡಿಸಿ ಫ್ಲಾಶ್ ಮಾಡಿದರೆ, ಆನ್ ಮಾಡುವಾಗ ಹಳೆಯ ಮೀಮೋ ಬೇಕೋ, ಒಳಸಂಗ್ರಹವೋ, ಹೊರಗಿನ ಕಾರ್ಡೋ ಎಂದು ಆರಿಸಿಕೊಳ್ಳುವ ಮೆನು ಸಿಗುತ್ತದೆ.

ಹಳೆಯ ಯು-ಬೂಟ್ ಎಲ್ಲೋ ಸಿಕ್ಕಿತೆಂದು ಹಾಕಿಕೊಳ್ಳಬೇಡಿ. ಈ ಫೋನಿನ ಪ್ರೊಸೆಸರಿನಲ್ಲಿ 430973 ಎಂಬ ಸಂಖ್ಯೆಯ ಒಂದು ಹುಟ್ಟುದೋಷವಿದೆ: ಥಂಬ್-2 ಬಗೆಯ ಸೂಚನೆಗಳನ್ನು ಓಡಿಸುವಾಗ ಕಾರ್ಯಕ್ರಮಗಳು ಅಕಾರಣವಾಗಿ ಬೀಳುತ್ತವೆ. ಡೆಬಿಯನ್ ಕುಟುಂಬದ ಎಆರ್‌ಎಂ ಪ್ಯಾಕೇಜುಗಳು ಬಹುತೇಕ ಈ ಬಗೆಯಲ್ಲೇ ಸಿದ್ಧವಾಗಿರುತ್ತವೆ. ಪರಿಹಾರವನ್ನು ಕರ್ನಲ್‌ನಲ್ಲೂ ಯು-ಬೂಟ್‌ನಲ್ಲೂ ಸೇರಿಸಿದ್ದಾರೆ. ಅದಿಲ್ಲದ ಹಳೆಯ ಜೋಡಿಯನ್ನು ಓಡಿಸಿದರೆ, ಕಾರಣವೇ ತಿಳಿಯದೆ ಒಮ್ಮೆ ಎಡಿಟರ್, ಒಮ್ಮೆ ಶೆಲ್ ಸಾಯುತ್ತಿರುತ್ತದೆ. ನೀವು ರ‍್ಯಾಮ್ ಕೆಟ್ಟಿದೆ ಎಂದುಕೊಳ್ಳುತ್ತೀರಿ.

ಲಿನಕ್ಸ್ ಎದ್ದ ಮೇಲೆ ಯುಎಸ್‌ಬಿ ಕೇಬಲ್ ಮೂಲಕ 172.16.42.1 ವಿಳಾಸಕ್ಕೆ ಎಸ್‌ಎಸ್‌ಎಚ್ ಮಾಡಿ, ಅಂದರೆ ಲ್ಯಾಪ್‌ಟಾಪ್‌ನಿಂದ ಫೋನಿನ ಟರ್ಮಿನಲ್‌ಗೆ ಹೊಕ್ಕು, ವೈ-ಫೈ ಹೊಂದಿಸಬಹುದು. 2.4 ಗಿಗಾಹರ್ಟ್ಸ್ ಮಾತ್ರ. 5ರ ರೂಟರ್ ಕಣ್ಣಿಗೇ ಬೀಳುವುದಿಲ್ಲ. ಇನ್ನೊಂದು ಕಿರಿಕಿರಿ: ವೈ-ಫೈ ಚಿಪ್‌ನ ನಿಜವಾದ ಮ್ಯಾಕ್ ವಿಳಾಸ (ಜಾಲದಲ್ಲಿ ಅದರ ಗುರುತು) ನೋಕಿಯಾದ ಪ್ರತ್ಯೇಕ ಕ್ಯಾಲಿಬ್ರೇಷನ್ ಭಾಗದಲ್ಲಿರುತ್ತದೆ. ಮುಖ್ಯ ಕರ್ನಲ್ ತಾನಾಗಿ ಅದನ್ನು ಓದದಿದ್ದರೆ ಪ್ರತಿ ಬಾರಿ ಆನ್ ಮಾಡಿದಾಗಲೂ ಹೊಸ ವಿಳಾಸ ಹುಟ್ಟುತ್ತದೆ. ವಿಳಾಸ ನೋಡಿ ಒಳಬಿಡುವಂತೆ ರೂಟರನ್ನು ಹೊಂದಿಸಿದ್ದರೆ ಅದು ಪ್ರತಿದಿನ ‘ನೀನು ಯಾರು’ ಎನ್ನುತ್ತದೆ. ಒಂದು ಸ್ಥಿರ ವಿಳಾಸವನ್ನು ಕೈಯಾರೆ ಬರೆದಿಡುವುದು ಲೇಸು.

ಇಷ್ಟೂ ಒಂದು ಸಂಜೆಯದು. ಸಂಸಾರ ಶುರುವಾಗುವುದು ಅಪ್‌ಡೇಟ್‌ನಲ್ಲಿ. ನನ್ನ ಕಾರ್ಡ್ ಇರುವುದು ಪೋಸ್ಟ್‌ಮಾರ್ಕೆಟ್ ಓಎಸ್‌ನ ‘ಎಡ್ಜ್’ ಶಾಖೆಯಲ್ಲಿ, ಅಂದರೆ ಹೊಸದು ಬಂದಂತೆ ಬರುತ್ತಲೇ ಇರುತ್ತದೆ. ಮೊದಲು ಎಪಿಕೆಗೆ ನಿಜವಾಗಿ ಏನೂ ಮಾಡದೆ ಏನೇನು ಬದಲಾಗಲಿದೆ ಎಂದು ತೋರಿಸಲು ಹೇಳುತ್ತೇನೆ. ‘ಅಪ್‌ಗ್ರೇಡ್’ ಆದೇಶದ ಜೊತೆ ‘ಎಸ್’ ಆಯ್ಕೆ ಕೊಟ್ಟರೆ ಪಟ್ಟಿ ಮಾತ್ರ ಬರುತ್ತದೆ. ಪಟ್ಟಿಯಲ್ಲಿ ಕರ್ನಲ್ ಇಲ್ಲದಿದ್ದರೆ ಬಸ್ಸಿನಲ್ಲಿ ಕುಳಿತೂ ಅಪ್‌ಡೇಟ್ ಮಾಡುತ್ತೇನೆ. ಕರ್ನಲ್ ಇದ್ದರೆ ಮನೆಯಲ್ಲಿ, ತುಂಬಿದ ಬ್ಯಾಟರಿಯೊಂದಿಗೆ, ಕಾರ್ಡಿನ ಪೂರ್ತಿ ಪ್ರತಿಯನ್ನು ಲ್ಯಾಪ್‌ಟಾಪ್‌ಗೆ ತೆಗೆದಿಟ್ಟ ಮೇಲೆ. ಕರ್ನಲ್ ಬದಲಾದಾಗ ಆರಂಭದ ಕಡತಗಳನ್ನು ಫೋನೇ ಮತ್ತೆ ಕಟ್ಟಬೇಕು. 600 ಮೆಗಾಹರ್ಟ್ಸ್‌ಗೆ ಅದು ಭಾರದ ಕೆಲಸ. ಆ ನಡುವೆ ವಿದ್ಯುತ್ ಕೈಕೊಟ್ಟರೆ ಕಾರ್ಡಿನ ಬೂಟ್ ಭಾಗದಲ್ಲಿ, ಅಂದರೆ ಕರ್ನಲ್ ಇರುವ ಜಾಗದಲ್ಲಿ, ಅರ್ಧ ಬರೆದ ಕಡತ ಉಳಿಯುತ್ತದೆ.

ಅಪ್‌ಡೇಟ್ ಆದ ಮೇಲೆ ವೈ-ಫೈ ಮಾಯವಾದರೆ ಗಾಬರಿ ಬೇಡ. ಓಡುತ್ತಿರುವ ಕರ್ನಲ್‌ನ ಆವೃತ್ತಿಗೂ ಕಾರ್ಡಿನಲ್ಲಿರುವ ಮಾಡ್ಯೂಲುಗಳ (ಬಿಡಿಯಾಗಿ ಸೇರುವ ಡ್ರೈವರುಗಳ) ಆವೃತ್ತಿಗೂ ಹೊಂದಿಕೆ ತಪ್ಪಿದೆಯೇ ನೋಡಿ. ಹೆಚ್ಚಿನ ಸಲ ಯು-ಬೂಟ್ ಇನ್ನೂ ಹಳೆಯ ಕರ್ನಲನ್ನೇ ಎತ್ತಿಕೊಂಡಿರುತ್ತದೆ, ಮಾಡ್ಯೂಲುಗಳು ಹೊಸವಾಗಿರುತ್ತವೆ. ಬೂಟ್ ಭಾಗ ತುಂಬಿ ಹೋಗಿ ಹೊಸ ಕಡತ ಪೂರ್ತಿ ಇಳಿಯದೇ ಇದ್ದಿರಬಹುದು. ಹಳೆಯ ಇನ್‌ಸ್ಟಾಲ್‌ಗಳಲ್ಲಿ ಆ ಭಾಗ ಚಿಕ್ಕದು. ಬ್ಯಾಟರಿ ತೆಗೆದಿಟ್ಟು ಬಹಳ ದಿನದ ಮೇಲೆ ಹಾಕಿದಾಗ ಗಡಿಯಾರ ಯಾವುದೋ ಪುರಾತನ ದಿನಾಂಕಕ್ಕೆ ಜಾರಿರುತ್ತದೆ. ಆಗ ಸರ್ವರಿನ ಪ್ರಮಾಣಪತ್ರ ಇನ್ನೂ ಜಾರಿಗೇ ಬಂದಿಲ್ಲವೆಂದು ಎಪಿಕೆ ಸಂಪರ್ಕವನ್ನೇ ನಿರಾಕರಿಸುತ್ತದೆ. ದಿನಾಂಕ ಸರಿಪಡಿಸಿದರೆ ತಂಟೆ ಮುಗಿಯಿತು.

ಲೆಸ್ಟೆಯನ್ನು ಎರಡನೆಯ ಕಾರ್ಡಿನಲ್ಲಿ ಇಟ್ಟಿದ್ದೇನೆ. ಅಲ್ಲಿ ಸಣ್ಣ ಅಪ್‌ಡೇಟ್‌ಗಳು ತಾಳ್ಮೆ ಇದ್ದರೆ ಆಗುತ್ತವೆ. ಡೆವುವಾನ್‌ನ ಒಂದು ಆವೃತ್ತಿಯಿಂದ ಮುಂದಿನದಕ್ಕೆ, ಉದಾಹರಣೆಗೆ ಬಿಯೋವುಲ್ಫ್‌ನಿಂದ ಕಿಮೇರಾಗೆ, ಫೋನಿನ ಮೇಲೇ ದಾಟುವ ಸಾಹಸಕ್ಕಿಂತ ಹೊಸ ಇಮೇಜನ್ನು ಕಾರ್ಡಿಗೆ ಬರೆದು ನಿಮ್ಮ ಕಡತಗಳನ್ನು ಮರಳಿ ಹಾಕಿಕೊಳ್ಳುವುದೇ ಬುದ್ಧಿವಂತಿಕೆ ಎಂದು ನನ್ನ ಅಭಿಪ್ರಾಯ.

ಕನ್ನಡದ ವಿಷಯದಲ್ಲಿ ನಾನು ನಿರೀಕ್ಷಿಸಿದ್ದಕ್ಕಿಂತ ಚೆನ್ನಾಗಿದೆ. ಆಲ್ಪೈನ್‌ನಲ್ಲಿ ನೋಟೋ ಕನ್ನಡ ಫಾಂಟ್ ಪ್ರತ್ಯೇಕ ಪ್ಯಾಕೇಜಾಗಿಯೇ ಸಿಗುತ್ತದೆ; ಡೆಬಿಯನ್ ಬಳಗದಲ್ಲಿ ಗುಬ್ಬಿ, ನವಿಲು, ಲೋಹಿತ್ ಮೂರೂ ಇವೆ. ಟೈಪಿಂಗ್‌ಗೆ ಎಕ್ಸ್ ಎಂಬ ಕಿಟಕಿ ವ್ಯವಸ್ಥೆಯಲ್ಲೇ ಕಗಪ ವಿನ್ಯಾಸವಿದೆ, ಅಂದರೆ ಕನ್ನಡ ಗಣಕ ಪರಿಷತ್ತಿನದು, ನುಡಿಯಲ್ಲಿ ಬೆರಳಿಗೆ ಅಭ್ಯಾಸವಾದದ್ದೇ. ಎನ್900ರ ಮೂರು ಸಾಲಿನ ಕೀಬೋರ್ಡಿಗೆ ಇದು ಹೇಳಿ ಮಾಡಿಸಿದಂತಿದೆ. ಇನ್‌ಸ್ಕ್ರಿಪ್ಟ್‌ನಲ್ಲಿ ಅಕ್ಷರಗಳು ಆವರಣ ಚಿಹ್ನೆಗಳ ಕೀಗಳ ಮೇಲೂ ಹರಡಿರುತ್ತವೆ, ಆ ಕೀಗಳೇ ಇಲ್ಲಿಲ್ಲ. ಕಗಪದಲ್ಲಿ ಮೂಲಾಕ್ಷರಗಳೆಲ್ಲ ಇಂಗ್ಲಿಷ್ ಅಕ್ಷರದ ಕೀಗಳಲ್ಲೇ ಮುಗಿಯುತ್ತವೆ. ಮಹಾಪ್ರಾಣಕ್ಕೆ ಶಿಫ್ಟ್, ಒತ್ತಕ್ಷರಕ್ಕೆ ‘ಎಫ್’. ಸ್ಪೇಸ್ ಕೀ ಕೆಳಗಿನ ಸಾಲಿನ ಬಲಕ್ಕೆ ಸರಿದಿರುವುದು ಮೊದಮೊದಲು ಬಲಗೈ ಹೆಬ್ಬೆರಳನ್ನು ಕಾಡುತ್ತದೆ, ಆಮೇಲೆ ಒಗ್ಗುತ್ತದೆ. ಆದರೆ ಟರ್ಮಿನಲ್‌ನಲ್ಲಿ ಕನ್ನಡ ಓದುವ ಆಸೆ ಬಿಡಿ. ‘ಸ್ತ್ರೀ’ ಎಂದು ಬರೆದರೆ ಸಕಾರ, ತಕಾರ, ರಕಾರ ಪ್ರತ್ಯೇಕ ಮನೆಗಳಲ್ಲಿ ಕೂರುತ್ತವೆ. ಕನ್ನಡ ಟಿಪ್ಪಣಿಗೆ ಒಂದು ಹಗುರ ಕಿಟಕಿ ಎಡಿಟರ್ ಇಟ್ಟುಕೊಳ್ಳಬೇಕು. ಕೋಡ್ ಬರೆಯುವವರಿಗೆ ಬೇರೆ ತೊಂದರೆ: ಪೈಪ್ ಚಿಹ್ನೆ (|) ಕೀಗಳ ಮೇಲೆ ಅಚ್ಚಾಗಿಯೇ ಇಲ್ಲ. ‘ಆರ್‌ಎಕ್ಸ್-51’ ಎಂಬ, ಎನ್900ರದೇ ಸಂಕೇತನಾಮದ, ಕೀ ನಕ್ಷೆಯನ್ನು ನಿಮಗೆ ಬೇಕಾದಂತೆ ತಿದ್ದಿಕೊಳ್ಳದೆ ಶೆಲ್‌ನಲ್ಲಿ ಬದುಕು ಸಾಗದು.

ನಾನು ಇದರಲ್ಲಿ ಮಾಡುವುದು ಸರ್ವರುಗಳಿಗೆ ಎಸ್‌ಎಸ್‌ಎಚ್, ಮಟ್‌ನಲ್ಲಿ ಇಮೇಲ್, ವಿಮ್‌ನಲ್ಲಿ ಬರವಣಿಗೆ, ಒಂದೇ ಟರ್ಮಿನಲನ್ನು ಹಲವಾಗಿಸುವ ಟಿಮಕ್ಸ್‌ನ ಒಳಗೆ ಎಲ್ಲವೂ. ಬ್ರೌಸರ್ ಎಂದರೆ ಅಕ್ಷರ ಮಾತ್ರ ತೋರಿಸುವ ಬ್ರೌಸರ್. ಗ್ರಾಫಿಕ್ಸ್ ಚಿಪ್‌ನ ಡ್ರೈವರ್ ಮುಚ್ಚಿದ್ದು, ಅದಿಲ್ಲದೆ ಇಂದಿನ ಯಾವ ಅಲಂಕಾರದ ಮುಖಪರದೆಯೂ ತೆವಳುತ್ತದೆ.

ಬ್ಯಾಟರಿ ಚಿಂತೆಯಿಲ್ಲ. 1320 ಎಂಎಎಚ್‌ನ ಬಿಎಲ್-5ಜೆ ಮಾದರಿ. ನೋಕಿಯಾ 5800, 5230, ಸಿ3, ಲೂಮಿಯಾ 520 ಎಲ್ಲಕ್ಕೂ ಇದೇ ಆಗಿದ್ದರಿಂದ ಮೊಬೈಲ್ ರಿಪೇರಿ ಅಂಗಡಿಗಳಲ್ಲಿ ಕೇಳಿದರೆ ಇಂದಿಗೂ ಸಿಗುತ್ತದೆ. ಎರಡು ಮೂರು ಬ್ಯಾಟರಿ ಮತ್ತು ಹೊರಗಿನ ಚಾರ್ಜರ್ ಒಂದನ್ನು ಇಟ್ಟುಕೊಳ್ಳಿ. ಇದು ಸೋಮಾರಿತನದ ಸಲಹೆಯಲ್ಲ. ಈ ಮಾದರಿಯ ಮೈಕ್ರೋ ಯುಎಸ್‌ಬಿ ಕಿಂಡಿ ಬೋರ್ಡಿನಿಂದ ಕಿತ್ತು ಬರುವುದಕ್ಕೆ ಕುಖ್ಯಾತ. ಅದನ್ನು ಫ್ಲಾಶ್ ಮಾಡಲು ಮಾತ್ರ ಮೀಸಲಿಟ್ಟರೆ ಬಾಳಿಕೆ ಬರುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೊದಲು ಆ ಕಿಂಡಿಯನ್ನು ನೋಡಿ, ಕೇಬಲ್ ಹಾಕಿ ಮೆಲ್ಲಗೆ ಅಲುಗಿಸಿದರೆ ಒಳಗೆ ಕುಣಿಯಬಾರದು. ಹಿಂಬದಿಯ ಮುಚ್ಚಳ ಮೂಲದ್ದೇ ಇರಲಿ, ಸಂವೇದಕಕ್ಕೆ ಅದು ಗೊತ್ತಾಗಬೇಕು. ಪರದೆಯ ಮೇಲಿನ ಗೀರು, ಬಣ್ಣ ಹೋದ ಅಂಚು ಇವಕ್ಕೆಲ್ಲ ಬೆಲೆ ಇಳಿಸಲು ಚೌಕಾಸಿ ಮಾಡಿ, ಅವುಗಳಿಂದ ತೊಂದರೆಯಿಲ್ಲ. ಆದರೆ ಕೀಬೋರ್ಡ್ ಜಾರಿಸಿ ‘ಯು’ ಕೀಯನ್ನು ಒತ್ತಿ ನೋಡಿ. ಅದು ಸತ್ತಿದ್ದರೆ ಫೋನ್ ಎಷ್ಟೇ ಅಗ್ಗಕ್ಕೆ ಬಂದರೂ ನಾನಂತೂ ಕೊಳ್ಳುವುದಿಲ್ಲ.