ಮಾಜಿ ಆಟಗಾರನೋ, ಊರಿನ ಕೋಚೋ?

ತುಮಕೂರಿನಲ್ಲಿ ಮಗಳಿಗೆ ಟೆನಿಸ್ ಕಲಿಸಹೊರಟವರ ಮುಂದೆ ಎರಡು ದಾರಿ: ಸುಮಾರು 70 ಕಿ.ಮೀ. ದೂರದ ಬೆಂಗಳೂರಿನಲ್ಲಿ ವೃತ್ತಿಪರ ಟೂರ್ (ದೇಶ ದೇಶಗಳಲ್ಲಿ ನಡೆಯುವ ಟೂರ್ನಿಗಳ ಸರಣಿ) ಆಡಿಬಂದ ಕೋಚ್, ಇಲ್ಲವೇ ಊರಿನಲ್ಲೇ ದಿನವೂ ಸಿಗುವ ತರಬೇತುದಾರ.

ದೊಡ್ಡ ಹೆಸರಿಗೆ ತೂಕವಿದೆ, ಇಲ್ಲವೆನ್ನಲಾಗದು. ಹಿಂದಿನ ಟೆನಿಸ್ ದಿಗ್ಗಜ ಇವಾನ್ ಲೆಂಡ್ಲ್ ಕೋಚ್ ಆದ ಮೇಲೆಯೇ ಬ್ರಿಟನ್ನಿನ ಆಂಡಿ ಮರ್ರೆ 2012ರ ಅಮೆರಿಕ ಓಪನ್, 2013ರ ವಿಂಬಲ್ಡನ್ ಗೆದ್ದದ್ದು. ಇಬ್ಬರೂ ತಂತಮ್ಮ ಆಟದ ದಿನಗಳಲ್ಲಿ ಮೊದಲ 4 ಗ್ರ್ಯಾನ್‌ಸ್ಲಾಮ್ (ಟೆನಿಸ್‌ನ ಅತಿ ದೊಡ್ಡ ಟೂರ್ನಿಗಳು) ಫೈನಲ್‌ಗಳನ್ನು ಸೋತಿದ್ದರು. ಆ ಕಹಿ ಲೆಂಡ್ಲ್‌ಗೆ ಯಾರೂ ವಿವರಿಸಬೇಕಿರಲಿಲ್ಲ. ಆದರೆ ಮರ್ರೆ ಆಗಲೇ ಪಳಗಿದ ಆಟಗಾರ. ರಫೆಲ್ ನಡಾಲ್‌ಗೆ ಬಾಲ್ಯದಿಂದ ಕಲಿಸಿದ್ದು ತಂದೆಯ ಸಹೋದರ ಟೋನಿ, ಟೂರ್‌ನಲ್ಲಿ ಹೆಸರು ಮಾಡದವರು.

ಹತ್ತರ ಹುಡುಗಿಗೆ ನನ್ನ ಮತ ಊರಿನ ಕೋಚ್‌ಗೇ. ಸರ್ವ್ ಮಾಡುವಾಗ ಚೆಂಡು ಮೇಲೆಸೆಯುವ ಕೈ ಹಿಂದಕ್ಕೆ ವಾಲುತ್ತಿದೆಯೇ ಎಂದು ದಿನವೂ ನೋಡುವವರು ಬೇಕು. ರಾಜ್ಯ ಮಟ್ಟದಲ್ಲಿ ಗೆಲ್ಲತೊಡಗಿದರೆ ಆಗ ಬೆಂಗಳೂರಿನ ರೈಲು ಹತ್ತಿಸಿ.